ನಿಮ್ಮ ಯುರೇನಿಯಂ ಲೇಖನದ ಕುರಿತು

ತೀರ್ಥಹಳ್ಳಿಯ ಕಿರಿಯ ಮಿತ್ರರಿಗೆ ನಮಸ್ಕಾರ.

ಯುರೇನಿಯಂ ಗಣಿಗಾರಿಕೆಯಿಂದ ಮನುಷ್ಯರ ಆರೋಗ್ಯಕ್ಕೆ ಆಗುವ ಹಾನಿಯ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ವಿಷಯ ನಮಗೆ ಬೇಕಾದದ್ದೇ, ನಿಮ್ಮ ಸಿಟ್ಟೂ ಸಕಾರಣವಾದದ್ದೇ. ಆದರೆ ಆ ಹಾನಿ ಹೇಗೆ ಸಂಭವಿಸುತ್ತದೆ ಎಂಬುದು ಲೇಖನದಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಮಂಗನ ಕಾಯಿಲೆಯಿಂದ ಆರಂಭಿಸಿ, ಕಾಡು ಕೆದಕಿದವರಿಗೆ ಕ್ಯಾಸನೂರಿನಲ್ಲಿ ಆದದ್ದೇ ನೆಲ ಅಗೆದವರಿಗೆ ಜಾರ್ಖಂಡದ ಯುರೇನಿಯಂ ಗಣಿಯೂರು ಜಾದೂಗೋಡಾದಲ್ಲಿ ಆಗಿದೆ ಎಂದಿದ್ದೀರಿ. ಮಲೆನಾಡಿನ ಓದುಗರಿಗೆ ಇದು ತಟ್ಟನೆ ಹಿಡಿಸೀತು, ಆದರೆ ಹೋಲಿಕೆ ನಿಲ್ಲುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಉಣುಗು ಕಚ್ಚಿದವರು ವಾರದ ಆಸುಪಾಸಿನಲ್ಲಿ ಜ್ವರ ಹಿಡಿದು ಮಲಗಿದರು. ಹೀಗಾಗಿ ಕಾಡಿಗೂ ಕಾಯಿಲೆಗೂ ಇರುವ ನಂಟನ್ನು ಊರಿನವರೇ ಊಹಿಸಬಹುದಾಗಿತ್ತು. ಯುರೇನಿಯಂ ಗಣಿಯಲ್ಲಿ ಅಂಥ ಯಾವ ಮುನ್ಸೂಚನೆಯೂ ಇಲ್ಲ. ಅದಿರಿನಲ್ಲಿರುವ ರೇಡಿಯಂ ಎಂಬ ವಿಕಿರಣಶೀಲ ಧಾತು ಕ್ಷಯಿಸಿದಾಗ ಬಣ್ಣವೂ ವಾಸನೆಯೂ ಇಲ್ಲದ ರೇಡಾನ್ ಅನಿಲ ಹುಟ್ಟಿ, ಗಾಳಿಯಾಡದ ಸುರಂಗದಲ್ಲಿ ತುಂಬಿಕೊಳ್ಳುತ್ತದೆ. ಆ ಅನಿಲ ಕ್ಷಯಿಸಿ ಉಂಟಾಗುವ ಪೊಲೋನಿಯಂ ಎಂಬ ಇನ್ನೊಂದು ವಿಕಿರಣಶೀಲ ಧಾತು ಧೂಳಿಗೆ ಅಂಟಿ, ಉಸಿರಿನೊಂದಿಗೆ ಒಳಹೋಗಿ, ಶ್ವಾಸನಾಳದ ಒಳಪದರದಲ್ಲಿ ಕುಳಿತು ಆಲ್ಫಾ ಕಣಗಳನ್ನು ಹೊರಸೂಸುತ್ತದೆ. ಹೊರಗಿನಿಂದ ಚರ್ಮವನ್ನು ದಾಟಲಾರದ ಈ ಕಣಗಳು ಒಳಗೆ ಜೀವಕೋಶಗಳನ್ನು ಕೆಡಿಸಲು ಶಕ್ತವಾಗಿವೆ. ಕ್ಯಾನ್ಸರ್ ಕಾಣಿಸಿಕೊಳ್ಳುವುದು ಹತ್ತೋ ಇಪ್ಪತ್ತೋ ವರ್ಷಗಳಾದ ಮೇಲೆ. ಅಷ್ಟರಲ್ಲಿ ಕಾರ್ಮಿಕ ಗಣಿಯನ್ನೇ ಬಿಟ್ಟಿರಬಹುದು. ಬೀಡಿ ಸೇದುವವನಾಗಿದ್ದರೆ ತಪ್ಪೆಲ್ಲ ಬೀಡಿಯ ಮೇಲೆ ಹೋಗುತ್ತದೆ, ಬೀಡಿಯೂ ರೇಡಾನೂ ಸೇರಿದಾಗ ಅಪಾಯ ಇನ್ನಷ್ಟು ಹೆಚ್ಚುತ್ತದೆ ಎಂಬುದು ಮರೆಗೆ ಸರಿಯುತ್ತದೆ. ನೀವು ನಿಂತು ಬರೆಯಬೇಕಾಗಿದ್ದದ್ದು ಇಲ್ಲಿ. ಅದರ ಬದಲು ಹಿರೋಶಿಮಾಕ್ಕೆ ಎರಡು ಪುಟ ಕೊಟ್ಟಿದ್ದೀರಿ. (ಅಣಬೆ ಮೋಡವಿಲ್ಲದ ಅಣು ಲೇಖನ ನನ್ನ ಮೇಜಿಗೆ ಬಂದದ್ದು ಅಪರೂಪ.)

ಈ ವಿಳಂಬವನ್ನೇ ಲೇಖನದ ವಸ್ತುವಾಗಿಸಿಕೊಳ್ಳಿ, ಹೊಣೆಗಾರರು ನುಣುಚಿಕೊಂಡದ್ದು ಅದರ ಮರೆಯಲ್ಲೇ. ಜರ್ಮನಿಯ ಶ್ನೀಬರ್ಗ್ ಗಣಿಯವರನ್ನು ಕೊಲ್ಲುತ್ತಿರುವುದು ಶ್ವಾಸಕೋಶದ ಗಡ್ಡೆ ಎಂದು ಇಬ್ಬರು ವೈದ್ಯರು 1879ರಲ್ಲೇ ಬರೆದಿದ್ದರು. ಆದರೂ 1950ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಇಲಾಖೆ ನವಾಹೋ ಬುಡಕಟ್ಟಿನವರೂ ಸೇರಿದಂತೆ ಯುರೇನಿಯಂ ಗಣಿ ಕಾರ್ಮಿಕರ ಅಧ್ಯಯನ ಆರಂಭಿಸಿದಾಗ, ಅವರ ಎದೆಯನ್ನು ಪರೀಕ್ಷಿಸಿತೇ ಹೊರತು ಅವರು ಉಸಿರಾಡುತ್ತಿದ್ದುದು ಏನನ್ನು ಎಂದು ತಿಳಿಸಲಿಲ್ಲ. ಪರಿಹಾರದ ಕಾನೂನು ಬಂದದ್ದು 1990ರಲ್ಲಿ. ನಡುವಿನ ನಲವತ್ತು ವರ್ಷಗಳಿಗೆ ನಿಮ್ಮಲ್ಲಿ ಒಂದೇ ವಾಕ್ಯವಿದೆ.

ಖಚಿತವಾದದ್ದನ್ನೂ ವಿವಾದದಲ್ಲಿರುವುದನ್ನೂ ಒಂದೇ ದನಿಯಲ್ಲಿ ಹೇಳಬೇಡಿ. ಗಣಿ ಕಾರ್ಮಿಕರ ಶ್ವಾಸಕೋಶದ ಕ್ಯಾನ್ಸರಿಗೂ ರೇಡಾನ್‌ಗೂ ಇರುವ ಸಂಬಂಧ ಹಲವು ದೇಶಗಳಲ್ಲಿ ದೃಢಪಟ್ಟಿದೆ. ಜಾದೂಗೋಡಾದ ಸುತ್ತಲಿನ ಮಕ್ಕಳ ಹುಟ್ಟುದೋಷಗಳ ಬಗ್ಗೆ ವೈದ್ಯರ ಸಮೀಕ್ಷೆ ಹೇಳುವುದನ್ನು ಗಣಿ ಕಂಪನಿ ಒಪ್ಪಿಲ್ಲ. ಎರಡನ್ನೂ ಬರೆಯಿರಿ, ಬೇರೆ ಬೇರೆಯಾಗಿ. ಯಾದಗಿರಿ ಜಿಲ್ಲೆಯ ಗೋಗಿಯನ್ನು ದಶಕಗಳಿಂದ ನಡೆಯುತ್ತಿರುವ ಗಣಿಯೆಂಬಂತೆ ಬರೆದಿರುವುದು ಶುದ್ಧ ತಪ್ಪು. ಅಲ್ಲಿ ಅದಿರು ಪತ್ತೆಯಾಗಿ ಪರಿಶೋಧನೆ ನಡೆದಿದೆ, ಜನ ಪ್ರತಿಭಟಿಸಿದ್ದಾರೆ, ಅಷ್ಟೆ.

ಗಣಿ ಮುಚ್ಚಿದರೆ ಪಿಡುಗು ಮುಗಿಯುತ್ತದೆ ಎಂಬ ನಿಮ್ಮ ಮಾತೂ ನಿಲ್ಲುವುದಿಲ್ಲ. ಯುರೇನಿಯಂ ತೆಗೆದ ಮೇಲೂ ಅದಿರಿನ ವಿಕಿರಣದಲ್ಲಿ ಸುಮಾರು 85 ಶೇಕಡಾ ಉಳಿಕೆಯ ಕೆಸರಿನಲ್ಲೇ ಇರುತ್ತದೆ. ಅದರಲ್ಲಿರುವ ರೇಡಿಯಂನ ಅರ್ಧಾಯುಷ್ಯವೇ, ಅಂದರೆ ಅದು ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲವೇ, ಸುಮಾರು 1600 ವರ್ಷ.

ಗಂಡನ ಗಣಿಬಟ್ಟೆಯನ್ನು ಒಗೆಯುವ ಮೊದಲು ಹೆಂಡತಿ ಅಂಗಳದಲ್ಲಿ ಕೊಡವುವ ಭಾಗ ಇಡೀ ಲೇಖನದಲ್ಲಿ ಅತ್ಯುತ್ತಮವಾದದ್ದು. ಆದರೆ ಅದು ಯಾರಿಂದ, ಎಲ್ಲಿ ಕೇಳಿದ್ದು? ಆಧಾರವಿದ್ದರೆ ತಿಳಿಸಿ, ಕಲ್ಪಿಸಿಕೊಂಡದ್ದಾದರೆ ಕಥೆಯಾಗಿ ಬರೆಯಿರಿ, ಲೇಖನದಲ್ಲಿ ಅದಕ್ಕೆ ಜಾಗವಿಲ್ಲ. ತಿದ್ದಿ ಕಳುಹಿಸಿದರೆ ಖಂಡಿತ ಓದುತ್ತೇನೆ. ಪ್ರಕಟಿಸುವ ಮಾತನ್ನು ಮಾತ್ರ ಈಗಲೇ ಕೊಡಲಾರೆ.

ಇತಿ,
ಸಂಪಾದಕ, ಶಿವಮೊಗ್ಗ