ಕೇಳಿದಂತೆ ಬರೆದರೆ ತಪ್ಪೇ?

ಪ್ರಶ್ನೆ: ಆರು ವರ್ಷದ ಮಗಳಿಗೆ ಮನೆಯಲ್ಲೇ ಪಾಠ ಮಾಡುತ್ತಿದ್ದೇನೆ. ಫೋನಿಕ್ಸ್, ಅಂದರೆ ಅಕ್ಷರಗಳ ಸದ್ದು ಕೂಡಿಸಿ ಓದುವ ಕ್ರಮ, ಶುರು ಮಾಡಿ ಐದು ತಿಂಗಳಾಯಿತು. ಸಣ್ಣ ಇಂಗ್ಲಿಷ್ ಪದಗಳನ್ನು ಓದುತ್ತಾಳೆ. ಆದರೆ ‘ಡಕ್’ ಬರೆ ಎಂದರೆ ಡಿ-ಯು-ಕೆ, ‘ಶಿಪ್’ ಎಂದರೆ ಎಸ್-ಐ-ಪಿ ಎಂದು ಬರೆಯುತ್ತಾಳೆ. ಫೋನಿಕ್ಸ್ ಬಿಟ್ಟು ಸ್ಪೆಲ್ಲಿಂಗ್ ಉರು ಹೊಡೆಸು ಅಂತಾರೆ ನಮ್ಮ ಅತ್ತೆ. ಏನು ಮಾಡಲಿ?
– ಓದುಗರು, ಬಸವನಗುಡಿ

ಉತ್ತರ: ಬಿಡಬೇಡಿ. ಡಿ-ಯು-ಕೆ ಎಂದು ಬರೆದವಳು ಮೂರೂ ಸದ್ದನ್ನು ಕ್ರಮವಾಗಿ ಹಿಡಿದಿದ್ದಾಳೆ. ಅವಳಿಗೆ ಬೇಕಿರುವುದು ಒಂದು ನಿಯಮ: ಒಂದೇ ಅಕ್ಷರದ ಹ್ರಸ್ವ ಸ್ವರದ ಬೆನ್ನಿಗೇ, ಸಣ್ಣ ಪದದ ಕೊನೆಯಲ್ಲಿ ಕ್ ಬಂದರೆ ಸಿ-ಕೆ. ಕಿಕ್, ನೆಕ್, ಲಕ್ – ಒಟ್ಟಿಗೇ ಬರೆಸಿ. ‘ಮಿಲ್ಕ್’ನಲ್ಲಿ ನಡುವೆ ಎಲ್ ಇದೆ, ‘ಬುಕ್’ನಲ್ಲಿ ಎರಡು ಓ ಇವೆ, ಅಲ್ಲಿ ಬರೀ ಕೆ.

‘ಶಿಪ್’ನ ತಪ್ಪು ಬೇರೆ ಥರದ್ದು. ಮೊದಲು ಕಿವಿಯನ್ನು ಪರೀಕ್ಷಿಸಿ: ‘ಸಿಪ್’, ‘ಶಿಪ್’ ಎಂದು ಹೇಳಿ, ಎರಡೂ ಒಂದೆಯೋ ಬೇರೆಯೋ ಕೇಳಿ. ಬೇರೆ ಎಂದರೆ, ಎರಡು ಅಕ್ಷರ ಸೇರಿ ಒಂದು ಸದ್ದಾಗುತ್ತದೆ ಎಂಬುದಷ್ಟೇ ಗೊತ್ತಾಗಬೇಕು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಮೂರು ಚೌಕ ಬರೆದು, ಮೂರು ಹುಣಸೆ ಬೀಜ ಕೊಡಿ. ಶ್ ಎನ್ನುತ್ತ ಒಂದು ಬೀಜವನ್ನು ಚೌಕಕ್ಕೆ ತಳ್ಳಲಿ, ಇ ಎನ್ನುತ್ತ ಇನ್ನೊಂದು, ಪ್ ಎನ್ನುತ್ತ ಮತ್ತೊಂದು. ಆಮೇಲೆ ಬೀಜ ತೆಗೆದು ಅಲ್ಲೇ ಅಕ್ಷರ ಬರೆಯಲಿ. ಎಸ್-ಎಚ್ ಎರಡೂ ಮೊದಲ ಚೌಕದಲ್ಲೇ ಕೂರಬೇಕು.

ಕನ್ನಡದ ಮನೆಗಳಲ್ಲಿ ಎಡವುವುದು ಇನ್ನೊಂದು ಕಡೆ. ನಮ್ಮ ಕ, ಟ ಗಳೊಳಗೆ ಅ ಅಡಗಿದೆ. ಹಾಗೇ ಹೇಳಿಕೊಟ್ಟರೆ ಎಷ್ಟು ಕೂಡಿಸಿದರೂ ‘ಕ್ಯಾಟ್’ ಆಗದು. ಕ್, ಟ್ ಎಂದು ಅರ್ಧಕ್ಕೇ ನಿಲ್ಲಿಸಿ. ‘ಪೆನ್ನು’, ‘ಬಸ್ಸು’ ಎನ್ನುವ ಮಗು ಕೊನೆಗೊಂದು ಯು ಅಂಟಿಸುತ್ತದೆ. ಪಾಠದ ಹೊತ್ತಿನಲ್ಲಾದರೂ ‘ಪೆನ್’, ‘ಬಸ್’ ಎನ್ನಿ. ವಿ, ಡಬ್ಲ್ಯು ಎರಡೂ ನಮಗೆ ‘ವ’ ಆಗಿಬಿಡುತ್ತವೆ. ವಿಗೆ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು, ಡಬ್ಲ್ಯುಗೆ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ನಿಲ್ಲಿಸಿ ಮಾಡಿಸಿ.

ದಿನಕ್ಕೆ 20 ನಿಮಿಷ ಸಾಕು: 3 ನಿಮಿಷ ಹಳೆಯ ಸದ್ದುಗಳು, 10 ನಿಮಿಷ ಹೊಸ ಸದ್ದಿನ ಓದು, 7 ನಿಮಿಷ ಉಕ್ತಲೇಖನ. ಉಕ್ತಲೇಖನಕ್ಕೆ ಐದು ಪದ, ಒಂದು ಪುಟ್ಟ ವಾಕ್ಯ. ಅವು ಇವತ್ತಿನ ಸದ್ದಿನವು ಆಗಬಾರದು. ಒಂದೆರಡು ವಾರದ ಹಿಂದೆ ಕಲಿತು, ಈಗ ತಡವರಿಸದೆ ಓದುವ ಸದ್ದಿನವೇ ಆಗಬೇಕು. ಕಂಡದ್ದನ್ನು ಗುರುತಿಸುವುದು ಸುಲಭ, ನೆನಪಿನಿಂದ ತೆಗೆದು ಬರೆಯುವುದು ಕಷ್ಟ. ಸ್ಪೆಲ್ಲಿಂಗ್ ಓದಿಗಿಂತ ಹಿಂದುಳಿಯುವುದು ಇದಕ್ಕೇ.

ಅತ್ತೆಯವರ ಮಾತು ‘ಸೆಡ್’ನಂಥ ಪದಗಳಿಗೆ ಸ್ವಲ್ಪ ಒಪ್ಪುತ್ತದೆ. ಅಲ್ಲಿಯೂ ಎಸ್, ಡಿ ನೆಟ್ಟಗಿವೆ. ನಡುವಿನ ಎ-ಐ ಮಾತ್ರ ದಾರಿ ತಪ್ಪಿದೆ. ಅದಕ್ಕಷ್ಟೇ ಕೆಂಪು ಪೆನ್ಸಿಲ್ಲಿನಿಂದ ಸುತ್ತು ಹಾಕಿ. ಇಂಥವು ವಾರಕ್ಕೆ ಎರಡು ಸಾಕು. ನೋಡಿ, ಮುಚ್ಚಿ, ಬರೆದು, ತೆರೆದು ತಾಳೆ ನೋಡಲಿ. ಹತ್ತು ಸಲ ಬರೆಸಿದರೆ ನಾಲ್ಕನೆಯದಕ್ಕೇ ಕೈ ಮಾತ್ರ ಓಡುತ್ತಿರುತ್ತದೆ.

ಅಜ್ಜಿಗೆ ತಾನಾಗಿ ಚೀಟಿ ಬರೆದಾಗ ಮಾತ್ರ ದಯವಿಟ್ಟು ತಿದ್ದಬೇಡಿ.

ಪ್ರಶ್ನೆ: ಜೊತೆಗೇ ಕನ್ನಡ ಕಾಗುಣಿತ ಕಲಿಸಿದರೆ ಗೊಂದಲವಾಗುವುದೇ?
– ಓದುಗರು, ವಿಜಯನಗರ

ಉತ್ತರ: ಇಲ್ಲ. ಕ್‌ಗೆ ಇ ಸೇರಿ ಕಿ ಎಂದು ಬಲ್ಲ ಮಗುವಿಗೆ ಸದ್ದು ಕೂಡಿಸುವುದು ಹೊಸತಲ್ಲ. ಗುಡಿಸು ಅಕ್ಷರದ ತಲೆಯ ಮೇಲೆ ಕೂರುತ್ತದೆ, ಇಂಗ್ಲಿಷಿನ ಐ ಪಕ್ಕದಲ್ಲಿ ನಿಲ್ಲುತ್ತದೆ, ಇದನ್ನೊಮ್ಮೆ ತೋರಿಸಿ. ಬೆಳಿಗ್ಗೆ ಕನ್ನಡ, ಸಂಜೆ ಇಂಗ್ಲಿಷ್ ಇಟ್ಟುಕೊಳ್ಳಿ.