ಹೆಸರು ಮುಚ್ಚಿ, ನಿಯಮ ಓದಿ: ಕಾರ್ಡ್ ಆಟದ ಪ್ರಶ್ನೋತ್ತರ

ಪ್ರಶ್ನೆ: ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಡಲು ಶುರುಮಾಡಿ ಆರು ತಿಂಗಳಾಯಿತು. ಒಟ್ಟಿಗೆ ಹೊರಬರುವ ಕಾರ್ಡುಗಳ ಪ್ರತಿ ಸೆಟ್ಟಿಗೂ ಒಂದು ಲೋಕ, ಒಂದು ಕಥೆ ಇದೆ ಅನ್ನುತ್ತಾರೆ. ನನಗೆ ಕಾಣುವುದು ಅಂಕಿ ಮತ್ತು ಚಿತ್ರ ಮಾತ್ರ. ಕಥೆ ನಿಜಕ್ಕೂ ಆಟದೊಳಗಿದೆಯೋ, ಇಲ್ಲ ಡಬ್ಬಿಯ ಮೇಲಿನ ಅಲಂಕಾರವೋ?
(ಓದುಗರು, ಹುಬ್ಬಳ್ಳಿ)

ಉತ್ತರ: ಕೆಲವು ಕಾರ್ಡುಗಳಲ್ಲಿ ಇದೆ, ಕೆಲವದರಲ್ಲಿ ಬರೀ ಅಲಂಕಾರ. ಪರೀಕ್ಷೆ ಸುಲಭ. ಕಾರ್ಡಿನ ಹೆಸರು, ಚಿತ್ರ ಎರಡನ್ನೂ ಕೈಯಿಂದ ಮುಚ್ಚಿ, ಕೆಳಗಿನ ನಿಯಮವನ್ನಷ್ಟೇ ಓದಿ. ಅದು ಯಾವುದರ ಕಾರ್ಡು ಅಂತ ಊಹಿಸಲು ಬಂದರೆ ಕಥೆ ಒಳಗಿದೆ.

ಲೈಟ್ನಿಂಗ್ ಬೋಲ್ಟ್ ಈ ಪರೀಕ್ಷೆಯಲ್ಲಿ ಫೇಲು. 1993ರ ಮೊದಲ ಸೆಟ್ಟಿನ ಕಾರ್ಡು. ಬೆಲೆ ಒಂದು ಕೆಂಪು ಮನಾ (ಕಾರ್ಡು ಆಡಲು ಕೊಡುವ ಶಕ್ತಿ), ಕೆಲಸ 3 ಡ್ಯಾಮೇಜ್, ಮುಗಿಯಿತು. ಹೆಸರು ಮುಚ್ಚಿದರೆ ಅದು ಸಿಡಿಲೂ ಹೌದು, ಕವಣೆಕಲ್ಲೂ ಹೌದು. ಅದರಲ್ಲಿರುವ ಕಥೆಯೆಲ್ಲ ಬಣ್ಣದ್ದು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಐದು ಬಣ್ಣಗಳಲ್ಲಿ ಕೆಂಪು ಅಂದರೆ ಬೆಟ್ಟ, ಬೆಂಕಿ, ಸಿಟ್ಟು. ಹಾಗಾಗಿ ಕೆಂಪು ಡೆಕ್ ಜೀವಿಗಳನ್ನು ಸುಡುತ್ತದೆ, ಲೋಹದ ಆರ್ಟಿಫ್ಯಾಕ್ಟುಗಳನ್ನು ಕುಟ್ಟಿ ಪುಡಿಮಾಡುತ್ತದೆ. ಎದುರಾಳಿ ಒಂದು ಎನ್‌ಚಾಂಟ್‌ಮೆಂಟ್ (ಮೇಜಿನ ಮೇಲೇ ಉಳಿಯುವ ಮಂತ್ರ) ಇಟ್ಟನೆಂದರೆ ಮಾತ್ರ ಕೈಕಟ್ಟಿ ಕೂರಬೇಕು, ಅದನ್ನು ತೆಗೆಯುವ ಕಾರ್ಡು ಕೆಂಪಿನಲ್ಲಿ ಸಿಗುವುದೇ ಅಪರೂಪ. ಶಾಪವನ್ನು ಸುತ್ತಿಗೆಯಿಂದ ಒಡೆಯಲಾದೀತೆ? ನೀವು ಕೆಂಪು ಆಡುವವರಾದರೆ ಈ ಕೊರತೆಯನ್ನು ಹತ್ತು ಸಲ ಅನುಭವಿಸಿರುತ್ತೀರಿ. ಅದು ಕಥೆಯ ಭಾಗ ಅಂತ ಹೊಳೆದಿರಲಿಕ್ಕಿಲ್ಲ, ಅಷ್ಟೇ.

ಪ್ರಶ್ನೆ: ಮ್ಯಾಜಿಕ್‌ನ ಇನ್ನಿಸ್ಟ್ರಾಡ್ ಲೋಕದ ತೋಳಮನುಷ್ಯರ ವಿಷಯದಲ್ಲಿ ನಮ್ಮ ಗುಂಪಿನಲ್ಲಿ ದಿನಾ ಜಗಳ. ಸ್ಪೆಲ್ (ಮನಾ ಕೊಟ್ಟು ಹಾಕುವ ಕಾರ್ಡು) ಎಣಿಸಿ ಅವರು ಮನುಷ್ಯ-ತೋಳ ಆಗುತ್ತಾರಲ್ಲ, ಲ್ಯಾಂಡ್ (ಮನಾ ಕೊಡುವ ನೆಲದ ಕಾರ್ಡು) ಇಟ್ಟರೆ ಅದೂ ಸ್ಪೆಲ್ ಲೆಕ್ಕವೇ? ಹಳೆಯ ಕಾರ್ಡಿಗೂ ಹೊಸದಕ್ಕೂ ಒಂದೇ ನಿಯಮವೇ?
(ಓದುಗರು, ಮಂಗಳೂರು)

ಉತ್ತರ: ಲ್ಯಾಂಡ್ ಇಡುವುದು ಸ್ಪೆಲ್ ಅಲ್ಲ, ಲೆಕ್ಕಕ್ಕಿಲ್ಲ. ಎದುರಾಳಿ ತಡೆದು (ಕೌಂಟರ್ ಮಾಡಿ) ಹಾಳುಮಾಡಿದ ಸ್ಪೆಲ್ ಲೆಕ್ಕಕ್ಕಿದೆ. ಹಾಕಿದಿರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ, ಫಲಿಸಿತೋ ಇಲ್ಲವೋ ಎಂಬುದು ಬೇಡ.

2011ರ ಕಾರ್ಡುಗಳಲ್ಲಿ ಪ್ರತಿ ಅಪ್‌ಕೀಪ್‌ನಲ್ಲೂ (ಟರ್ನಿನ ಆರಂಭದ ಹಂತ) ಹಿಂದಿನ ಟರ್ನನ್ನು ನೋಡಬೇಕು. ಆ ಟರ್ನಿನಲ್ಲಿ ಯಾರೂ ಒಂದೂ ಸ್ಪೆಲ್ ಹಾಕಿಲ್ಲವೆಂದರೆ ಮನುಷ್ಯನ ಕಾರ್ಡನ್ನು ತೋಳದ ಬದಿಗೆ ಮಗುಚಿ. ಯಾರಾದರೂ ಒಬ್ಬರೇ ಎರಡು ಅಥವಾ ಹೆಚ್ಚು ಹಾಕಿದ್ದರೆ ತೋಳ ಮತ್ತೆ ಮನುಷ್ಯನಾಗುತ್ತದೆ. ನೀವೊಂದು, ಅವರೊಂದು ಹಾಕಿದರೆ ಎರಡಾಗುವುದಿಲ್ಲ. ಬಹುತೇಕ ಜಗಳ ಇಲ್ಲೇ.

2021ರ ಕಾರ್ಡುಗಳದ್ದು ಬೇರೆ ಪದ್ಧತಿ. ಅಲ್ಲಿ ಇಡೀ ಆಟಕ್ಕೇ ಒಂದು ಹಗಲು-ರಾತ್ರಿ ಇರುತ್ತದೆ. ಯಾರ ಟರ್ನೋ ಅವರು ಹಾಕಿದ ಸ್ಪೆಲ್ ಮಾತ್ರ ಲೆಕ್ಕ. ಹಗಲಲ್ಲಿ ಅವರು ಒಂದೂ ಹಾಕದಿದ್ದರೆ ಮುಂದಿನ ಟರ್ನಿಗೆ ರಾತ್ರಿ. ರಾತ್ರಿಯಲ್ಲಿ ಅವರು ಎರಡು ಹಾಕಿದರೆ ಮುಂದಿನ ಟರ್ನಿಗೆ ಹಗಲು. ಎದುರಾಳಿಯ ಟರ್ನಿನಲ್ಲಿ ನೀವು ಹಾಕಿದ ಇನ್‌ಸ್ಟಂಟ್ (ಯಾರ ಟರ್ನಿನಲ್ಲೂ ಹಾಕಬಹುದಾದ ಸ್ಪೆಲ್) ಹಳೆಯ ತೋಳವನ್ನು ತಡೆಯುತ್ತದೆ, ಹೊಸದನ್ನು ತಡೆಯುವುದಿಲ್ಲ. ರಾತ್ರಿ ಹೊತ್ತಲ್ಲಿ ಹಾಕಿದ ಹೊಸ ತೋಳಮನುಷ್ಯ ತೋಳವಾಗಿಯೇ ಮೇಜಿಗೆ ಬರುತ್ತಾನೆ. ಎರಡೂ ಕಾಲದ ಕಾರ್ಡು ಒಂದೇ ಡೆಕ್ಕಿನಲ್ಲಿದ್ದರೆ ಎರಡು ಲೆಕ್ಕ ಇಡಬೇಕು. ಹಳೆಯದು ತನ್ನ ಮೇಲೆ ಬರೆದಂತೆ ನಡೆಯುತ್ತದೆ, ಹಗಲು-ರಾತ್ರಿಗೆ ಸೊಪ್ಪುಹಾಕುವುದಿಲ್ಲ.

ಈಗ ಹೆಸರು ಮುಚ್ಚುವ ಪರೀಕ್ಷೆ ಮಾಡಿ: ‘ಎಲ್ಲ ನಿಶ್ಶಬ್ದವಾದಾಗ ಅಪಾಯ, ಗಲಾಟೆ ಹೆಚ್ಚಾದಾಗ ಅಪಾಯ ದೂರ.’ ಹುಣ್ಣಿಮೆ, ಊಳು ಯಾವುದರ ಚಿತ್ರವೂ ಬೇಕಿಲ್ಲ. ಅದಕ್ಕಿಂತ ಹೆಚ್ಚಿನದು ಆಡುವವರಿಗೆ ಆಗುವುದು. ರೆಕ್‌ಲೆಸ್ ವೇಫ್ ಎಂಬ ಕಾರ್ಡನ್ನು ತೆಗೆದುಕೊಳ್ಳಿ, ಬೆಲೆ ಒಂದು ಕೆಂಪು ಮನಾ. ಮೊದಲ ಟರ್ನಿನಲ್ಲಿ 1/1 (ಮೊದಲ ಅಂಕಿ ಹೊಡೆತ, ಎರಡನೆಯದು ತಾಳುವ ಶಕ್ತಿ) ಹುಡುಗಿಯಾಗಿ ಬರುತ್ತದೆ. ಎದುರಾಳಿಯ ಕೈಯಲ್ಲಿ ಒಂದು ಮನಾದ ಸ್ಪೆಲ್ ಇಲ್ಲವೆಂದರೆ ಅವರು ಲ್ಯಾಂಡ್ ಇಟ್ಟು ಟರ್ನ್ ಬಿಡುತ್ತಾರೆ. ನಿಮ್ಮ ಎರಡನೇ ಅಪ್‌ಕೀಪ್‌ಗೆ ಅದು 3/2 ತೋಳ, ಆಗಲೇ ಹೊಡೆಯಲು ಸಿದ್ಧ. ಅಲ್ಲಿಂದ ಎದುರಾಳಿ ಬೇಡದ ಸ್ಪೆಲ್ಲನ್ನೂ ಟರ್ನಿಗೊಂದರಂತೆ ಹಾಕತೊಡಗುತ್ತಾರೆ, ರಾತ್ರಿ ಕಾವಲಿಗೆ ತಮಟೆ ಬಡಿದಂತೆ. ನೀವು ಕೈಯಲ್ಲಿ ಒಳ್ಳೆಯ ಕಾರ್ಡಿದ್ದರೂ ಸುಮ್ಮನೆ ಟರ್ನ್ ಬಿಟ್ಟು ಹೊಂಚುಹಾಕುತ್ತೀರಿ. ಒಬ್ಬರು ಊರಿನವರಾದರು, ಇನ್ನೊಬ್ಬರು ತೋಳವಾದರು.

ಒಂದು ಕಿವಿಮಾತು: ಕಾರ್ಡಿಗೆ ಎರಡು ಮುಖ ಇರುವುದರಿಂದ ಬೆನ್ನು ಕಾಣುವ ಸ್ಲೀವ್ ಬಳಸಿದರೆ ಡೆಕ್ಕಿನಲ್ಲಿ ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದೆ. ಹಿಂಬದಿ ಪೂರ್ತಿ ಮುಚ್ಚುವ ಸ್ಲೀವ್ ಹಾಕಿ.

ಪ್ರಶ್ನೆ: ಥೆರೋಸ್ ಸೆಟ್ಟಿನ ಥಾಸ್ಸಾ ದೇವತೆಯ ಕಾರ್ಡು ತೆಗೆದುಕೊಂಡೆ. ಮೂರೇ ಮನಾಕ್ಕೆ 5/5, ನಾಶವೂ ಆಗುವುದಿಲ್ಲ. ಆದರೆ ಹೆಚ್ಚಿನ ಆಟಗಳಲ್ಲಿ ಹೊಡೆಯುವುದೇ ಇಲ್ಲ. ತಪ್ಪೆಲ್ಲಿ?
(ಓದುಗರು, ಬೆಂಗಳೂರು)

ಉತ್ತರ: ಭಕ್ತರು ಕಡಿಮೆ. ಥೆರೋಸ್ (2013) ಗ್ರೀಕ್ ಪುರಾಣದ ಮಾದರಿಯ ಲೋಕ. ಅಲ್ಲಿ ದೇವರ ಕಾರ್ಡು ಯಾವಾಗಲೂ ಎನ್‌ಚಾಂಟ್‌ಮೆಂಟ್. ಜೀವಿಯಾಗಿ ಕಣಕ್ಕಿಳಿಯಬೇಕಾದರೆ ಆ ಬಣ್ಣದ ಡಿವೋಷನ್, ಅಂದರೆ ಭಕ್ತಿ, 5 ಆಗಬೇಕು. ಎರಡು ಬಣ್ಣದ ದೇವರಿಗೆ 7. ಭಕ್ತಿಯ ಲೆಕ್ಕ ಹೀಗೆ: ಮೇಜಿನ ಮೇಲಿರುವ ನಿಮ್ಮ ಕಾರ್ಡುಗಳ ಬಲಮೂಲೆಯ ಬೆಲೆಯಲ್ಲಿ ಆ ಬಣ್ಣದ ಗುರುತು ಎಷ್ಟಿವೆ ಅಂತ ಎಣಿಸಿ. ಅಂಕಿಯಲ್ಲಿ ಬರೆದ ಬೆಲೆ ಲೆಕ್ಕಕ್ಕಿಲ್ಲ. ಕೆಳಗಿನ ನಿಯಮದೊಳಗೆ ಬರುವ ಗುರುತೂ ಲೆಕ್ಕಕ್ಕಿಲ್ಲ. ಲ್ಯಾಂಡಿಗೆ ಬೆಲೆಯೇ ಇಲ್ಲ, ಹತ್ತು ದ್ವೀಪ (ನೀಲಿಯ ಲ್ಯಾಂಡ್) ಇಟ್ಟರೂ ಭಕ್ತಿ ಸೊನ್ನೆ.

ಥಾಸ್ಸಾಳ ಬೆಲೆಯಲ್ಲಿ ಒಂದು ನೀಲಿ ಗುರುತಿದೆ: 1. ನೈಟ್‌ವೇಲ್ ಸ್ಪೆಕ್ಟರ್ ಎಂಬ ಕಾರ್ಡಿನಲ್ಲಿ ನೀಲಿ-ಕಪ್ಪು ಬೆರೆತ ಮೂರು ಗುರುತು, ಮೂರೂ ನೀಲಿಗೆ ಸಲ್ಲುತ್ತವೆ: ಒಟ್ಟು 4. ಟೈಡ್‌ಬೈಂಡರ್ ಮೇಜ್ ಎಂಬ ಕಾರ್ಡಿನಲ್ಲಿ ಎರಡು: ಒಟ್ಟು 6. ದೇವತೆ ಎದ್ದಳು. ಹೊಡೆದಾಟದ ನಡುವೆ ಎದುರಾಳಿ ಸ್ಪೆಕ್ಟರನ್ನು ಕೊಂದರೆ ಭಕ್ತಿ 3ಕ್ಕೆ ಇಳಿದು ಥಾಸ್ಸಾ ಆ ಕ್ಷಣವೇ ಕಾದಾಟದಿಂದ ಹೊರಗೆ. ಕಾರ್ಡು ಮೇಜಿನ ಮೇಲೇ ಇರುತ್ತದೆ. ದೇವರಿಗೆ ಸಾವಿಲ್ಲ, ಕೇಳುವವರಿಲ್ಲ ಅಷ್ಟೇ. ನಿಮ್ಮ ಡೆಕ್ಕಿನಲ್ಲಿ ಒಂದೇ ನೀಲಿ ಗುರುತಿರುವ ಜೀವಿಗಳನ್ನು ಕಡಿಮೆ ಮಾಡಿ, ಎರಡು-ಮೂರು ಗುರುತಿನವನ್ನು ಹಾಕಿ. ಮೇಜಿನ ಮೇಲೆ ನಿಲ್ಲದ ಇನ್‌ಸ್ಟಂಟ್, ಸಾರ್ಸರಿಗಳಿಂದ ಭಕ್ತಿ ಬೆಳೆಯುವುದಿಲ್ಲ.

ಪ್ರಶ್ನೆ: ಪೋಕೆಮಾನ್ ಕಾರ್ಡಿನಲ್ಲಿ ಚಾರ್ಮ್ಯಾಂಡರ್ ಇಟ್ಟ ಟರ್ನಿನಲ್ಲೇ ಅದರ ಬೆಳೆದ ರೂಪವಾದ ಚಾರ್ಮೀಲಿಯನ್ ಯಾಕೆ ಇಡಬಾರದು ಅಂತ ಮಗ ಕೇಳುತ್ತಾನೆ.
(ಓದುಗರು, ದಾವಣಗೆರೆ)

ಉತ್ತರ: ಹುಟ್ಟಿದ ದಿನವೇ ಮೀಸೆ ಬರುವುದಿಲ್ಲವಲ್ಲ, ಹಾಗೆ. ಇನ್ನೊಂದನ್ನೂ ತೋರಿಸಿಕೊಡಿ: ಬೆಳೆದಾಗ ಮೈಮೇಲಿನ ಡ್ಯಾಮೇಜ್, ಅಂಟಿಸಿದ ಎನರ್ಜಿ ಎರಡೂ ಹಾಗೇ ಉಳಿಯುತ್ತವೆ, ನಿದ್ದೆ, ವಿಷದಂಥ ಸ್ಥಿತಿಗಳು ಹೋಗುತ್ತವೆ. ಗಾಯ ಉಳಿಯಿತು, ಜ್ವರ ಬಿಟ್ಟಿತು.

ಪ್ರಶ್ನೆ: ಲೋಕಕ್ಕೆ ಹೊಂದುವ ನಿಯಮ ಎಂದರೆ ಒಳ್ಳೆಯ ನಿಯಮ ಎಂದೇ ಅರ್ಥವೇ?
(ಓದುಗರು, ಕಲಬುರಗಿ)

ಉತ್ತರ: ಅಲ್ಲ. ಮ್ಯಾಜಿಕ್‌ನ ಮಿರೊಡಿನ್ (2003) ಇಡೀ ಲೋಹದ ಲೋಕ. ಅಲ್ಲಿ ಲ್ಯಾಂಡ್ ಕೂಡ ಆರ್ಟಿಫ್ಯಾಕ್ಟ್. ಅಫಿನಿಟಿ ಎಂಬ ನಿಯಮದಂತೆ ನಿಮ್ಮಲ್ಲಿರುವ ಪ್ರತಿ ಆರ್ಟಿಫ್ಯಾಕ್ಟಿಗೆ ಕಾರ್ಡಿನ ಬೆಲೆ ಒಂದೊಂದು ಇಳಿಯುತ್ತದೆ. ಲೋಹ ಹೆಚ್ಚಿದಷ್ಟೂ ಲೋಹ ಅಗ್ಗ: ಲೋಕಕ್ಕೆ ಇದಕ್ಕಿಂತ ಹೊಂದುವ ನಿಯಮ ಸಿಗುವುದು ಕಷ್ಟ. ತೊಂದರೆ ಲ್ಯಾಂಡಿನಲ್ಲಿತ್ತು. ಆರ್ಟಿಫ್ಯಾಕ್ಟ್ ಲ್ಯಾಂಡ್ ಒಂದು ಮನಾ ಕೊಡುತ್ತದೆ, ಜೊತೆಗೆ ಬೆಲೆಯಲ್ಲೂ ಒಂದು ಇಳಿಸುತ್ತದೆ. ಒಂದು ಕಾರ್ಡು ಎರಡರ ಕೆಲಸ ಮಾಡಿತು. ಅಂಥ ಲ್ಯಾಂಡ್ ಎರಡಿದ್ದರೆ 4 ಬೆಲೆಯ ಫ್ರಾಗ್‌ಮೈಟ್ ಎರಡನೇ ಟರ್ನಿನಲ್ಲೇ ಇಳಿಯುತ್ತದೆ. ಕೊನೆಗೆ 2005ರ ಮಾರ್ಚಿನಲ್ಲಿ ಸ್ಟ್ಯಾಂಡರ್ಡ್ (ಇತ್ತೀಚಿನ ಸೆಟ್ಟುಗಳನ್ನಷ್ಟೇ ಬಳಸುವ) ಆಟದಿಂದ 8 ಕಾರ್ಡುಗಳನ್ನು ನಿಷೇಧಿಸಬೇಕಾಯಿತು, ಅದರಲ್ಲಿ 6 ಲ್ಯಾಂಡುಗಳೇ.

ಇದರ ವಿರುದ್ಧದ ತಪ್ಪು 2004ರ ಕಾಮಿಗಾವಾದ್ದು. ಅಲ್ಲಿನ ಸ್ಪ್ಲೈಸ್ (ಒಂದು ಕಾರ್ಡಿನ ಪರಿಣಾಮವನ್ನು ಇನ್ನೊಂದು ಸ್ಪೆಲ್ಲಿಗೆ ಸೇರಿಸುವುದು) ಎಂಬ ನಿಯಮ ಆರ್ಕೇನ್ ಎಂಬ ಗುರುತಿರುವ ಸ್ಪೆಲ್ಲಿನ ಜೊತೆ ಮಾತ್ರ ನಡೆಯುತ್ತದೆ. ಬೇರೆ ಸೆಟ್ಟಿನ ಕಾರ್ಡು ಬೆರೆಸಿದರೆ ನಾಣ್ಯ ಬದಲಾದ ಊರಿಗೆ ಹೋದಂತೆ, ಕೈಯಲ್ಲಿದ್ದದ್ದು ಚಲಾವಣೆಯಾಗುವುದಿಲ್ಲ.

ಪ್ರಶ್ನೆ: ನಮ್ಮ ಹಳೆಯ ಎಲೆ ಆಟಗಳಲ್ಲಿ ಇಂಥದ್ದೇನಾದರೂ ಇತ್ತೇ?
(ಓದುಗರು, ಮೈಸೂರು)

ಉತ್ತರ: ನಿಮ್ಮ ಊರಲ್ಲೇ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಛದ್ ಎಂಬ ಎಲೆ ಆಟಗಳನ್ನು ಕಟ್ಟಿದವರು. ಅವುಗಳ ಹಿಂದಿರುವ ದಶಾವತಾರ ಗಂಜೀಫಾದಲ್ಲಿ 120 ದುಂಡೆಲೆ: ಹತ್ತು ಅವತಾರ, ಪ್ರತಿಯೊಂದಕ್ಕೂ ರಾಜ, ಮಂತ್ರಿ ಮತ್ತು 1ರಿಂದ 10. ಹಗಲಲ್ಲಿ ಆಡಿದರೆ ರಾಮನ ಎಲೆ ಇರುವವರು ಆಟ ಶುರುಮಾಡಬೇಕು, ರಾತ್ರಿ ಆಡಿದರೆ ಕೃಷ್ಣನದು. ರಾಮ ಹುಟ್ಟಿದ್ದು ನಡುಹಗಲಿಗೆ, ಕೃಷ್ಣ ನಡುರಾತ್ರಿಗೆ, ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಇನ್ನಿಸ್ಟ್ರಾಡ್ ಹಗಲು-ರಾತ್ರಿಯನ್ನು ಮೇಜಿನ ಮೇಲೆ ಹುಟ್ಟಿಸುತ್ತದೆ. ಗಂಜೀಫಾ ಕಿಟಕಿಯಾಚೆ ಇಣುಕಿ ನೋಡುತ್ತದೆ. ಈ ಎರಡನೆಯದು ನನಗೆ ಇನ್ನೂ ಚೆಂದ.

ಪ್ರಶ್ನೆ: ಮಳೆ ನಿಲ್ಲದ ಕಾಡುರಾಜ್ಯದ ಕಥೆ ಇಟ್ಟುಕೊಂಡು ಗೆಳತಿಯರು ಸೇರಿ ಕಾರ್ಡ್ ಆಟ ಮಾಡುತ್ತಿದ್ದೇವೆ. 72 ಕಾರ್ಡು, 9 ವಿಶೇಷ ನಿಯಮ. ಆಡಿದವರು ‘ಮಳೆ ಎಲ್ಲಿ?’ ಅನ್ನುತ್ತಾರೆ.
(ಓದುಗರು, ಶಿರಸಿ)

ಉತ್ತರ: 9 ನಿಯಮ ಜಾಸ್ತಿ, ಎರಡಕ್ಕೆ ಇಳಿಸಿ. ಕಾರಣ ಲೆಕ್ಕದಲ್ಲಿದೆ. ಒಬ್ಬರ ಡೆಕ್ 40 ಎಲೆ, ಮೊದಲ ಕೈ 7 ಎಲೆ ಅಂತಿಟ್ಟುಕೊಳ್ಳಿ. ಒಂದು ನಿಯಮ 3 ಎಲೆಯಲ್ಲಷ್ಟೇ ಇದ್ದರೆ ಅದು ಮೊದಲ ಕೈಯಲ್ಲಿ ಬರುವ ಸಾಧ್ಯತೆ ಶೇ 45. 8 ಎಲೆಯಲ್ಲಿದ್ದರೆ ಶೇ 82. ಮಳೆ ಮೂರೇ ಎಲೆಯಲ್ಲಿ ಅಡಗಿದ್ದರೆ ಅರ್ಧಕ್ಕರ್ಧ ಆಟ ಒಣಗಿಯೇ ಶುರುವಾಗುತ್ತದೆ.

ಮಳೆಯನ್ನು ಎಲೆಯಿಂದ ತೆಗೆದು ಮೇಜಿಗೇ ತನ್ನಿ. ನಡುವೆ ಒಂದು ‘ಹೊಳೆ’ ಎಲೆ, ಅದರ ಮೇಲೆ 0ಯಿಂದ 6ರವರೆಗೆ ಗುರುತು, ಒಂದು ಹುಣಸೆಬೀಜ. ಪ್ರತಿಯೊಬ್ಬರ ಸರದಿಯ ಮೊದಲಿಗೆ ಬೀಜ ಒಂದು ಮೇಲೇರಲಿ. ಕೈಯಿಂದ ಒಂದು ಎಲೆ ಬಿಟ್ಟುಕೊಟ್ಟರೆ ‘ಕಟ್ಟೆ ಹಾಕು’, ಬೀಜ ಒಂದು ಇಳಿಯಲಿ. 6 ಮುಟ್ಟಿದರೆ ಬೆಲೆ 2 ಅಥವಾ ಕಡಿಮೆ ಇರುವ ಜೀವಿಗಳೆಲ್ಲ ಕೊಚ್ಚಿಹೋಗಲಿ, ಬೀಜ ಮತ್ತೆ 0. ಕಟ್ಟೆ ಹಾಕುವ ಕೆಲಸ ನಿನ್ನದೋ ನನ್ನದೋ ಎಂಬ ಎಳೆದಾಟ ಆಗ ತಾನಾಗಿ ಶುರುವಾಗುತ್ತದೆ, ಊರಲ್ಲಿ ಆಗುವ ಹಾಗೆ.

ಮೂರು ಕಡೆ ಕೆಡುತ್ತದೆ, ನೋಡಿಕೊಳ್ಳಿ. ಬೀಜ ಸರಿಸುವುದನ್ನು ಮರೆಯುತ್ತಾರೆ. ಹೊಳೆ ಎಲೆಯನ್ನು ಎಲೆ ಎತ್ತುವ ಕಟ್ಟಿನ ಪಕ್ಕದಲ್ಲೇ ಇಡಿ, ಎತ್ತುವ ಕೈ ಬೀಜಕ್ಕೂ ತಗಲುತ್ತದೆ. ದೊಡ್ಡ ಜೀವಿಗಳನ್ನೇ ತುಂಬಿಕೊಂಡವರು ಕಟ್ಟೆಯ ಗೋಜಿಗೇ ಹೋಗುವುದಿಲ್ಲ. ಪ್ರವಾಹ ಬಂದಾಗ ಅವರೂ ಕೈಯಿಂದ ಒಂದು ಎಲೆ ಬಿಡುವಂತೆ ಮಾಡಿ. ಮೂರನೆಯದು ಸುಲಭಕ್ಕೆ ಕಣ್ಣಿಗೆ ಬೀಳದ್ದು: ಯಾರೂ ಕಟ್ಟೆ ಹಾಕದಿದ್ದರೆ ಬೀಜ 6 ಮುಟ್ಟುವುದು ಯಾವಾಗಲೂ ಎರಡನೆಯವರ ಸರದಿಯಲ್ಲಿ, ಏಕೆಂದರೆ ಇಬ್ಬರ ಆಟದಲ್ಲಿ 6 ಸಮಸಂಖ್ಯೆ. ಪ್ರತಿ ಪ್ರವಾಹದ ಬೆನ್ನಿಗೆ ಖಾಲಿ ಮೇಜಿನಲ್ಲಿ ಎಲೆ ಹಾಕುವ ಅನುಕೂಲ ಅವರಿಗೇ ಸಿಗುತ್ತದೆ. ಗುರುತನ್ನು 7ಕ್ಕೆ ಏರಿಸಿ. ಆಗ ಮೊದಲ ಪ್ರವಾಹ ಒಬ್ಬರಿಗೆ, ಮುಂದಿನದು ಇನ್ನೊಬ್ಬರಿಗೆ. ಹತ್ತು ಆಟ ಆಡಿಸಿ, ಐದಾದ ಮೇಲೆ ಡೆಕ್ ಅದಲುಬದಲು ಮಾಡಿ, ಪ್ರವಾಹ ಯಾರ ಸರದಿಯಲ್ಲಿ ಬಂತು ಅಂತ ಪ್ರತಿ ಸಲವೂ ಬರೆದಿಡಿ.