ಗ್ಯಾರೇಜ್ ಮಾತು: ಎಂಜಿನ್ ಬಿಚ್ಚಿಸುವ ಮುಂಚೆ ಚೈನ್ ನೋಡಿ

ಪ್ರಶ್ನೆ: ನನ್ನದು ಹಳೆಯ 100 ಸಿಸಿ ಬೈಕ್. ಮಳೆಗಾಲ ಕಳೆದ ಮೇಲೆ ಓಡಿಸುವಾಗ ಕೆಳಗೆಲ್ಲೋ ‘ಕಟಕ್… ಕಟಕ್’ ಅಂತ ಸದ್ದು. ಹಿಂದೆ ಮನೆಯವರು ಕೂತರೆ ಇನ್ನೂ ಜಾಸ್ತಿ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಎಷ್ಟು ರೇಸ್ ಮಾಡಿದರೂ ಬರುವುದಿಲ್ಲ. ಘಾಟಿ ಇಳಿಯುವಾಗ ಕ್ಲಚ್ ಹಿಡಿದರೂ ನಿಲ್ಲುವುದಿಲ್ಲ. ಮೆಕ್ಯಾನಿಕ್ ‘ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ಹೋಗಿರಬೇಕು, ಎಂಜಿನ್ ಬಿಚ್ಚೋಣ’ ಅನ್ನುತ್ತಾರೆ. ಬಿಚ್ಚಿಸಲೇ?
– ಓದುಗರೊಬ್ಬರು, ಕೊಪ್ಪ

ಉತ್ತರ: ಸದ್ಯಕ್ಕೆ ಬೇಡ ಮಾರಾಯ್ರೇ. ಬೋರ್, ಟ್ಯಾಪೆಟ್, ಟೈಮಿಂಗ್ ಚೈನ್ ಇವೆಲ್ಲ ಎಂಜಿನ್ ಒಳಗಿನ ಭಾಗಗಳು. ಇವುಗಳ ಸದ್ದು ಎಂಜಿನ್ ಜೊತೆ ಏರಿ ಇಳಿಯುತ್ತದೆ, ನಿಂತಲ್ಲೇ ರೇಸ್ ಮಾಡಿದರೂ ಕೇಳಬೇಕು. ನಿಮ್ಮ ಸದ್ದು ಚಕ್ರದ ಬೆನ್ನು ಹತ್ತಿದೆ. ಕ್ಲಚ್ ವಿಷಯ ಬರೆದು ಒಳ್ಳೆಯದು ಮಾಡಿದಿರಿ, ಎಂಜಿನ್ ನಂಟು ಬಿಟ್ಟರೂ ಸದ್ದು ನಿಲ್ಲದ್ದು ಅದನ್ನೇ ಹೇಳುತ್ತದೆ. ಆದರೆ ಘಾಟಿಯಲ್ಲಿ ಹಾಗೆ ಇಳಿಯಬೇಡಿ, ಎಂಜಿನ್ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ.

ನನ್ನ ಅನುಮಾನ ಹಿಂದಿನ ಚಕ್ರ ತಿರುಗಿಸುವ ಹೊರಗಿನ ಚೈನ್ ಮೇಲೆ. ಮಳೆಯಲ್ಲಿ ನೆನೆದು ತುಕ್ಕು ಹಿಡಿದ ಲಿಂಕ್ ಮಡಚಿಕೊಳ್ಳದೆ ಸೆಟೆದು ನಿಲ್ಲುತ್ತದೆ, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಮೇಲೆ ಹತ್ತುವಾಗಲೆಲ್ಲ ಕಟಕ್ ಅನ್ನುತ್ತದೆ. ಹಿಂದೆ ಭಾರ ಬಿದ್ದು ಶಾಕ್ ಅಬ್ಸಾರ್ಬರ್ ಕೂತಾಗ ಚೈನ್ ಇನ್ನಷ್ಟು ಬಿಗಿಯಾಗುತ್ತದೆ, ಮನೆಯವರು ಕೂತರೆ ಸದ್ದು ಹೆಚ್ಚುವುದು ಅದಕ್ಕೇ ಇರಬೇಕು. ಪಾಪ, ಅವರ ತೂಕದ ಮಾತು ಎತ್ತಬೇಡಿ.

ಖಾತ್ರಿ ಮಾಡಿಕೊಳ್ಳಲು ಎಂಜಿನ್ ಆಫ್ ಮಾಡಿ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್ ಮಾಡಿ, ಚೈನ್ ಕವರ್ ಬಿಚ್ಚಿಸಿ. ಚೈನ್‌ನ ಒಂದು ಲಿಂಕ್‌ಗೂ ಟೈರ್‌ಗೂ ಸೀಮೆಸುಣ್ಣದ ಗುರುತು ಹಾಕಿ, ಟೈರ್ ಹಿಡಿದು ನಿಧಾನಕ್ಕೆ ತಿರುಗಿಸಿ. ಇಂಥ ಬೈಕ್‌ನಲ್ಲಿ ಚೈನ್‌ಗೆ 100ರ ಆಸುಪಾಸು ಲಿಂಕ್, ಹಿಂದಿನ ಸ್ಪ್ರಾಕೆಟ್‌ಗೆ 40ರ ಆಸುಪಾಸು ಹಲ್ಲು. ಅಂದರೆ ಚಕ್ರ ಸುಮಾರು ಎರಡೂವರೆ ಸುತ್ತು ಹಾಕಿದಾಗ ಚೈನ್‌ದು ಒಂದು ಸುತ್ತು. ಚೈನ್‌ನ ಗುರುತು ಒಂದೇ ಜಾಗಕ್ಕೆ ಬಂದಾಗಲೆಲ್ಲ ಕಟಕ್ ಅಂದರೆ ಕಳ್ಳ ಸಿಕ್ಕಿದ. ಚಕ್ರದ ಪ್ರತಿ ಸುತ್ತಿಗೂ ಬಂದರೆ ಟೈರ್ ಸಂದಿಯ ಜಲ್ಲಿಕಲ್ಲು, ಬ್ರೇಕ್ ಡ್ರಮ್ ಕಡೆ ಹೋಗಿ. ಕಟಕ್ ಇಲ್ಲದೆ ಬರೀ ‘ಗುರ್ರ್’ ಇದ್ದರೆ ವೀಲ್ ಬೇರಿಂಗ್. ಎಂಜಿನ್ ಚಾಲೂ ಇಟ್ಟು, ಗೇರ್ ಹಾಕಿ ಚೈನ್ ಹತ್ತಿರ ಕೈ ಒಯ್ಯಲೇಬೇಡಿ. ಬೆರಳು ಕಳೆದುಕೊಂಡವರನ್ನು ನೋಡಿದ್ದೇನೆ.

ಕೆಳಗಿನ ಚೈನ್ ನಡುಭಾಗವನ್ನು ಮೇಲೆ ಕೆಳಗೆ ಆಡಿಸಿಯೂ ನೋಡಿ. ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಟ ಇರಬೇಕು. ಒಂದು ಕಡೆ ತಂತಿಯ ಹಾಗೆ ಬಿಗಿ, ಚಕ್ರ ತಿರುಗಿಸಿದರೆ ಇನ್ನೊಂದು ಕಡೆ ಜೋಲು ಅಂದರೆ ಅಡ್ಜಸ್ಟ್ ಮಾಡಿ ಪ್ರಯೋಜನವಿಲ್ಲ. ಸೆಟೆದ ಲಿಂಕ್ ಒಂದೋ ಎರಡೋ ಇದ್ದರೆ ಬ್ರಷ್‌ನಿಂದ ಉಜ್ಜಿ, 90 ನಂಬರ್ ಗೇರ್ ಆಯಿಲ್ ಬಿಟ್ಟು ಕೈಯಲ್ಲಿ ಮಡಚಿ ಬಿಡಿಸಿದರೆ ಸಡಿಲಾಗಬಹುದು. ಎಂಜಿನ್‌ನಿಂದ ತೆಗೆದ ಕರಿ ಆಯಿಲ್ ಮಾತ್ರ ಬೇಡ.

ಸ್ಪ್ರಾಕೆಟ್ ಹಲ್ಲು ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ದರೆ ಚೈನ್ ಒಂದನ್ನೇ ಹಾಕಿಸಬೇಡಿ, ಎರಡೂ ಸ್ಪ್ರಾಕೆಟ್ ಸೇರಿ ಸೆಟ್ ಬದಲಿಸಿ. ಕೂಡಿಸಿದ ಮೇಲೆ ಚೈನ್ ಲಾಕ್ (ಚೈನ್‌ನ ಎರಡು ತುದಿ ಜೋಡಿಸುವ ಕ್ಲಿಪ್ ಇರುವ ಲಿಂಕ್) ಕಡೆ ಒಮ್ಮೆ ಕಣ್ಣು ಹಾಯಿಸಿ. ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು. ಉಲ್ಟಾ ಹಾಕಿದ್ದರೆ ಅಲ್ಲೇ ನಿಂತು ಬಿಚ್ಚಿಸಿ ಹಾಕಿಸಿ.